ಊರಿಗೆ ಹಾಡಿದ್ದು, ತನಗೆ ಬರೆದುಕೊಂಡದ್ದು

ಮನಸ್ಸಿನ ಮಾತುಗಳಲ್ಲಿ ಯಾವುದನ್ನು ಊರ ಮುಂದಿಡಬೇಕು, ಯಾವುದನ್ನು ದಿನಚರಿಯಲ್ಲೇ ಮುಚ್ಚಿಡಬೇಕು? ರಾಯಚೂರು ಸೀಮೆಯ ಹರಿದಾಸರಲ್ಲಿ ಇದಕ್ಕೊಂದು ಉತ್ತರವಿದೆ.

ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು 18ನೇ ಶತಮಾನದವರು. ಪಾಂಡಿತ್ಯದ ಹಮ್ಮಿನಲ್ಲಿ ವಿಜಯದಾಸರನ್ನು ಕಡೆಗಣಿಸಿದ ಜಗನ್ನಾಥದಾಸರು ಹೊಟ್ಟೆನೋವಿನಿಂದ ನರಳಿ, ಕೊನೆಗೆ ಗೋಪಾಲದಾಸರ ಮೊರೆಹೊಕ್ಕರೆಂಬುದು ಪ್ರತೀತಿ. ಇಂಥ ತಪ್ಪು, ಅಳುಕು, ಪಶ್ಚಾತ್ತಾಪಗಳನ್ನು ದಾಸರು ಮರೆಮಾಚದೆ ಹಾಡಾಗಿಸಿದರು. ಆದರೆ ಹಾಡಿನ ಕೊನೆಗೆ ಬರುವ ಅಂಕಿತ ‘ಗೋಪಾಲವಿಠಲ’, ‘ಜಗನ್ನಾಥವಿಠಲ’ ಎಂಬ ದೇವರ ಹೆಸರು. ಹೀಗಾಗಿ ಅಲ್ಲಿನ ‘ನಾನು’ ದಾಸರೊಬ್ಬರೇ ಅಲ್ಲ, ಅದನ್ನು ಹಾಡುವ ಪ್ರತಿಯೊಬ್ಬರೂ.

ನಮಗೂ ಇದೇ ಅಳತೆಗೋಲು ಸಾಕು. ಕೇಳಿದವರು ‘ಇದು ನನ್ನದೂ ಹೌದು’ ಎನ್ನಬಹುದಾದ ಮಾತು ಹೊರಗೆ ಬರಲಿ. ಇನ್ನೊಬ್ಬರ ಗುಟ್ಟು, ಇನ್ನೂ ಆರದ ಸಿಟ್ಟು ದಿನಚರಿಯಲ್ಲೇ ಉಳಿಯಲಿ.