ಪೋಲೊ ಜಿಟಿ ಟಿಡಿಐ: ನಾಳೆಯ ಕ್ಲಾಸಿಕ್ಕಾ?

ಡೀಸೆಲ್ ಹಾಟ್ ಹ್ಯಾಚ್ ಒಂದಿನ ಕ್ಲಾಸಿಕ್ ಆಗುತ್ತಾ? ಖಂಡಿತ ಆಗುತ್ತೆ ಅಂತೀನಿ. 2013ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಡಿಐ ನೋಡಿ. 1.6 ಲೀಟರ್ ಎಂಜಿನ್, 250 ನ್ಯೂಟನ್ ಮೀಟರ್ ಟಾರ್ಕ್. ಚಾರ್ಮಾಡಿ ಘಾಟಿಯ ಏರಲ್ಲಿ, ಮೂರನೇ ಗೇರಲ್ಲಿ, ಮುಳ್ಳು 2000 ಆರ್‌ಪಿಎಂ ದಾಟಿತೋ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತೆ! 2020ರಲ್ಲಿ ಬಿಎಸ್‌6 ಮಾಲಿನ್ಯ ನಿಯಮ ಬಂತು, ಡೀಸೆಲ್ ಪೋಲೊ ನಿಂತೇಹೋಯ್ತು.

ಆದರೆ ಕೇಂದ್ರದ ನಿಯಮದಲ್ಲಿ ‘ವಿಂಟೇಜ್’ ಅನ್ನಿಸಿಕೊಳ್ಳೋಕೆ 50 ವರ್ಷ ದಾಟಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. ಅಂದ್ರೆ 2063! ನನಗೆ ಸಂಕಟ ಆಗೋದು ಈ ಮೂಲ ರೂಪದ ವಿಷಯದಲ್ಲೇ. ಎಷ್ಟೋ ಹುಡುಗರು ಕೊಂಡ ವಾರಕ್ಕೇ ಎಂಜಿನ್ ರೀಮ್ಯಾಪ್ ಮಾಡಿಸ್ತಾರೆ, ಸೈಲೆನ್ಸರ್ ಬದಲಿಸ್ತಾರೆ. ನಿಮ್ಮನೇಲಿ ಕೈಯಾಡಿಸದ ಜಿಟಿ ಇದ್ರೆ ಟೈಮಿಂಗ್ ಬೆಲ್ಟ್ ಹೊತ್ತಿಗೆ ಸರಿಯಾಗಿ ಬದಲಿಸಿ. ಸರ್ವಿಸ್ ಬಿಲ್ಲು, ಎರಡನೇ ಕೀ ಜೋಪಾನ ಮಾಡಿ. ದಯವಿಟ್ಟು ಮಾರಬೇಡಿ.