ಕಸದ ಕುಲುಮೆಯ ಹೊಗೆಯೂ ಅದರ ಶೋಧನೆಯೂ

ಊರಿನ ಕಸವನ್ನು ಸುಟ್ಟೊಡನೆ ಅದು ನಾಶವಾಯಿತೆಂದು ಭಾವಿಸುವುದು ಲೋಕರೂಢಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ 1874ರಲ್ಲಿ ಆಲ್ಫ್ರೆಡ್ ಫ್ರಯರನ ಕುಲುಮೆಯು ಸ್ಥಾಪಿತವಾಗಲು, ಅಂತಹ ಕುಲುಮೆಗೆ ‘ಸಂಹಾರಕ’ವೆಂಬ ಅರ್ಥದ ಹೆಸರೇ ರೂಢವಾಯಿತು. ಆದರೆ ದ್ರವ್ಯವು ನಾಶವಾಗತಕ್ಕುದಲ್ಲ. ರೂಪಾಂತರವನ್ನು ಮಾತ್ರ ಹೊಂದತಕ್ಕುದು. ಓಲಿ ಮೊದಲಾದ ವಿಜ್ಞಾನಿಗಳು 1977ರಲ್ಲಿ ನೆದರ್ಲೆಂಡ್ಸ್ ದೇಶದ ಕೆಲವು ಕುಲುಮೆಗಳ ಹಾರುಬೂದಿಯಲ್ಲಿಯೂ ಹೊಗೆಯಲ್ಲಿಯೂ ಡಯಾಕ್ಸಿನ್ ಎಂಬ ಘೋರವಿಷಗಳಿರುವುದನ್ನು ತೋರಿಸಿಕೊಟ್ಟರು.

ಇವುಗಳ ನಿವಾರಣೆಗೆ ಮುಖ್ಯವಾದ ಕ್ರಮಗಳು ಮೂರು. ಮೊದಲನೆಯದು ತಾಪ: ಹೊಗೆಯು 850 ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಿಲ್ಲದ ಶಾಖದಲ್ಲಿ 2 ಸೆಕೆಂಡುಗಳಾದರೂ ನಿಲ್ಲತಕ್ಕದ್ದು. ಎರಡನೆಯದು ಶೀಘ್ರಶೈತ್ಯ: ತಣಿಯುವ ಹೊಗೆಯು 450ರಿಂದ 200 ಡಿಗ್ರಿಗಳ ನಡುವೆ ತಡೆದರೆ, ಬೂದಿಯಲ್ಲಿನ ಇಂಗಾಲ, ಕ್ಲೋರಿನ್, ತಾಮ್ರಗಳ ಸಂಯೋಗದಿಂದ ಡಯಾಕ್ಸಿನ್ ಮರಳಿ ಹುಟ್ಟುವುದು. ಮೂರನೆಯದು ಶೋಧನೆ: ಸುಣ್ಣವು ಆಮ್ಲಗಳನ್ನೂ, ಪಟುಗೊಳಿಸಿದ ಇದ್ದಿಲು ಪಾದರಸ ಮತ್ತು ಡಯಾಕ್ಸಿನ್‌ಗಳನ್ನೂ ಹಿಡಿಯಲು, ಬಟ್ಟೆಯ ಚೀಲಗಳು ಧೂಳನ್ನೆಲ್ಲ ತಡೆಯುವುವು. ಭಾರತದ 2016ರ ಘನತ್ಯಾಜ್ಯ ನಿಯಮಗಳು, ವಿಷತುಲ್ಯಾಂಕದ ಲೆಕ್ಕದಲ್ಲಿ, ಘನಮೀಟರ್ ಹೊಗೆಗೆ 0.1 ನ್ಯಾನೋಗ್ರಾಮಿನ ಮಿತಿಯನ್ನು ವಿಧಿಸಿದವು.

ಆದರೆ ಚೀಲದಲ್ಲಿ ನಿಂತ ವಿಷವು ಅಳಿದುದಲ್ಲ, ಬೂದಿಯಲ್ಲಿ ಉಳಿದುದು. ಆ ಬೂದಿಯನ್ನು ಬಯಲಿಗೆ ಸುರಿದಲ್ಲಿ, ಗಾಳಿಗೆ ತಪ್ಪಿಸಿದ ವಿಷವನ್ನು ನೆಲಕ್ಕೂ ನೀರಿಗೂ ಉಣಿಸಿದಂತಾಗುವುದು. ಹಸಿಕಸವು ಕುಲುಮೆಯ ಶಾಖವನ್ನು ಕುಂದಿಸುವುದು. ಬ್ಯಾಟರಿ, ಪಾದರಸದ ದೀಪ ಮುಂತಾದುವು ವಿಷಲೋಹಗಳನ್ನು ಕೂಡಿಸುವುವು. ಆದುದರಿಂದ ಹೊಗೆಯ ಶುದ್ಧಿಯು ಚಿಮಣಿಯ ತುದಿಯಲ್ಲಲ್ಲ, ಕಸವನ್ನು ಬೇರ್ಪಡಿಸುವ ಮನೆಯಂಗಳದಲ್ಲಿಯೇ ಆರಂಭವಾಗತಕ್ಕುದು.