ನಮ್ಮ ಕಡಲೆಕಾಯಿಯೂ ಅಂಗಡಿಯ ಪಾಮೋಲಿನ್ ಎಣ್ಣೆಯೂ



ಮಳೆ ಕೈಕೊಟ್ಟು ಅಮರಾಪುರ, ಮಡಕಶಿರಾ, ರಾಯದುರ್ಗದ ಕಡೆ ಕಡಲೆಕಾಯಿ ಬೆಳೆ ಹೋದ ವರ್ಷ, ಉಳಿದಷ್ಟು ಕಾಯಿಗಾದರೂ ಒಳ್ಳೆಯ ಬೆಲೆ ಸಿಗಬೇಕೆಂದು ನಾವು ಲೆಕ್ಕ ಹಾಕುತ್ತೇವೆ. ಬೆಲೆ ಸ್ವಲ್ಪ ಏರಿ ಅಲ್ಲಿಗೇ ನಿಂತುಬಿಟ್ಟರೆ ದಲ್ಲಾಳಿಗಳ ಆಟ ಎನ್ನುತ್ತೇವೆ. ಅದೂ ಇರಬಹುದು. ಆದರೆ ಇನ್ನೊಂದು ಕಾರಣ ಪಟ್ಟಣದ ಅಡುಗೆಮನೆಯಲ್ಲಿದೆ.

ಉಪ್ಪಿನ ಬೆಲೆ ಎರಡರಷ್ಟಾದರೂ ಕೊಳ್ಳಲೇಬೇಕು; ಅದರ ಬದಲಿಗೆ ಹಾಕುವ ವಸ್ತು ಬೇರೆ ಇಲ್ಲ. ಎಣ್ಣೆ ಹಾಗಲ್ಲ. ಕಡಲೆಕಾಯಿ ಎಣ್ಣೆ ದುಬಾರಿಯಾದರೆ ಗೃಹಿಣಿ ಸೂರ್ಯಕಾಂತಿ ಎಣ್ಣೆಗೆ, ಅದೂ ಏರಿದರೆ ಪಾಮೋಲಿನ್‌ಗೆ ತಿರುಗುತ್ತಾಳೆ. ಕೊಳ್ಳುವವರು ಕಡಿಮೆಯಾದಾಗ ಗಾಣದವನೂ ಮಿಲ್ಲಿನವನೂ ನಮ್ಮ ಕಾಯಿಗೆ ಹೆಚ್ಚು ಕೊಡಲಾರರು. ಹೀಗೆ ಮಲೇಷ್ಯಾ, ಇಂಡೋನೇಷ್ಯಾಗಳ ತಾಳೆ ತೋಟ ನಮ್ಮ ಮಂಡಿಯ ಬೆಲೆಗೆ ಲಗಾಮು ಹಾಕುತ್ತದೆ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ.

2022ರಲ್ಲಿ ಇದು ಕಣ್ಣಿಗೆ ಕಟ್ಟುವಂತಿತ್ತು. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಮೂರು ವಾರಗಳಿಗೂ ಹೆಚ್ಚು ಕಾಲ ನಿಲ್ಲಿಸಿತು. ಒಂದು ಎಣ್ಣೆ ಸಿಗದವರು ಇನ್ನೊಂದಕ್ಕೆ ಮುಗಿಬಿದ್ದದ್ದರಿಂದ ಎಲ್ಲ ಎಣ್ಣೆಗಳೂ ತುಟ್ಟಿಯಾದವು. ಆಮದು ಸುಂಕದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಬೇಕಾದದ್ದು ಇದಕ್ಕೇ. 2024ರ ಸೆಪ್ಟೆಂಬರಿನಲ್ಲಿ ತಾಳೆ, ಸೋಯಾ, ಸೂರ್ಯಕಾಂತಿಯ ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು ಸೊನ್ನೆಯಿಂದ ಶೇಕಡ 20ಕ್ಕೆ ಏರಿಸಿದರು. 2025ರ ಮೇ ಕೊನೆಯಲ್ಲಿ ಶೇಕಡ 10ಕ್ಕೆ ಇಳಿಸಿದರು. ಸುಂಕ ಇಳಿದರೆ ಪಟ್ಟಣದವರಿಗೆ ಹಗುರ, ನಮಗೆ ಭಾರ.

ಪಟ್ಟಣದವರನ್ನು ದೂರಿ ಫಲವಿಲ್ಲ. ಕಾಯಿಯೆಲ್ಲ ಮಾರಿ, ಬರುವಾಗ ಪಾಮೋಲಿನ್ ಪ್ಯಾಕೆಟ್ ತರುವ ಮನೆಗಳು ನಮ್ಮಲ್ಲೇ ಇವೆ. ಉಳಿದ ಹಣ ಮಕ್ಕಳ ಫೀಜಿಗಾಗುತ್ತದೆ, ತಪ್ಪೆನ್ನಲಾರೆವು. ಆದರೆ ಎರಡೂ ಎಣ್ಣೆ ದೇಹಕ್ಕೆ ಒಂದೇ ಅಲ್ಲ. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧಭಾಗ, ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿಸುವ ಜಾತಿಯ ಕೊಬ್ಬು; ಕಡಲೆಕಾಯಿ ಎಣ್ಣೆಯಲ್ಲಿ ಅದು ಐದನೆಯ ಒಂದು ಭಾಗದಷ್ಟು. ಅಗ್ಗವೆಂದು ಧಾರಾಳವಾಗಿ ಸುರಿದು, ಬಜ್ಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಇನ್ನೂ ಕೆಟ್ಟದ್ದು.

ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಅಷ್ಟಕ್ಕೆ ಬೇಕಾದ ಕಾಯಿಯನ್ನು ಮಾರುವ ಮೊದಲೇ ಎತ್ತಿಡಬಹುದು. ಚೆನ್ನಾಗಿ ಒಣಗಿಸಿಡಿ. ಬೂಷ್ಟು ಹಿಡಿದ ಬೀಜವನ್ನು ಮಾತ್ರ ಗಾಣಕ್ಕೂ ಹಾಕಬೇಡಿ, ಹಸುವಿಗೂ ತಿನ್ನಿಸಬೇಡಿ. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ, ಹಾಲಿಗೂ ಇಳಿಯುತ್ತದೆ.